ಖಾಲಿ ಕಂಡ ಫೋಲ್ಡರ್

ಪ್ರಶ್ನೆ: ನನಗೆ 26 ವರ್ಷ. ಬಿಸಿಎ ಮುಗಿಸಿ ಊರಿಗೇ ಬಂದು ಸೋಮವಾರಪೇಟೆ ಹತ್ತಿರದ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದೇನೆ. ಕಂಪ್ಯೂಟರ್ ಅಂದರೆ ಎಲ್ಲದಕ್ಕೂ ನಾನೊಬ್ಬನೇ. ಸರ್ವರ್‌ನ ಹಳೇ ಡಿಸ್ಕ್ ತುಂಬಿತೆಂದು ಮೇ ತಿಂಗಳಲ್ಲಿ ಹೊಸ ಡಿಸ್ಕ್ ಹಾಕಿದೆ. ಸದಸ್ಯರ ಲೆಕ್ಕವನ್ನೆಲ್ಲ ಅದಕ್ಕೆ ಸಾಗಿಸಿ, ಹಳೆಯದರಿಂದ ಅಳಿಸಿದೆ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಮೊನ್ನೆ ಗಾಳಿಮಳೆಗೆ ರಾತ್ರಿ ಕರೆಂಟು ಹೋಗಿ, ಯುಪಿಎಸ್ ಕೂಡ ಬರಿದಾಗಿ, ಸರ್ವರ್ ನಿಂತಿತು. ಬೆಳಿಗ್ಗೆ ಹಾಕಿದರೆ ಏಳಲಿಲ್ಲ. ಕಪ್ಪು ಪರದೆಯ ಮೇಲೆ ಒಂದೂವರೆ ನಿಮಿಷ ಕೆಂಪು ನಕ್ಷತ್ರಗಳು ಓಡಾಡುತ್ತವೆ, ಆಮೇಲೆ ಎಮರ್ಜೆನ್ಸಿ ಮೋಡ್ ಎಂದು ಬರೆದು ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋಗಿ ನೋಡಿದರೆ ಲೆಕ್ಕದ ಫೋಲ್ಡರ್ ಖಾಲಿ! ಅಲ್ಲಿಗೆ ನನ್ನ ಜೀವವೇ ಹೋಯಿತು. ಮಾರ್ಚ್ 31ರ ಆಡಿಟ್ ಕಾಪಿ ಒಂದು ಪೆನ್‌ಡ್ರೈವ್‌ನಲ್ಲಿದೆ, ಆಮೇಲಿನದು ಯಾವುದೂ ಇಲ್ಲ. ಡಿಸ್ಕ್ ದುರಸ್ತಿಯ ಎಫ್‌ಎಸ್‌ಸಿಕೆ ಓಡಿಸಿ ಎಲ್ಲಕ್ಕೂ ‘ವೈ’ ಒತ್ತು ಎಂದು ಒಬ್ಬ ಗೆಳೆಯ, ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡು ಎಂದು ಇನ್ನೊಬ್ಬ. ಗೊಬ್ಬರಕ್ಕೆ ಬಂದವರೆಲ್ಲ ನಿಂತಿರುವಾಗ ಕಾರ್ಯದರ್ಶಿ, ‘ನಿನ್ನನ್ನು ನಂಬಿ ಕೆಟ್ಟೆವು’ ಅಂದುಬಿಟ್ಟರು. ಮೂರು ರಾತ್ರಿಯಿಂದ ನಿದ್ದೆಯಿಲ್ಲ. ಮಳೆ ಜೋರಾದರೆ ಎದ್ದು ಕೂರುತ್ತೇನೆ. ರಾಜೀನಾಮೆ ಕೊಟ್ಟು ಬೆಂಗಳೂರಿಗೆ ಹೋಗಿಬಿಡಲೇ?
— ಹೆಸರು ಬೇಡ, ಸೋಮವಾರಪೇಟೆ

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ಎರಡು ಸಾಲು ಕಳಿಸಿದ್ದೆ. ಸರ್ವರ್ ಆರಿಸಿ, ಏನನ್ನೂ ಒತ್ತಬೇಡಿ, ಊಟ ಮಾಡಿ ಮಲಗಿ ಎಂದು. ಅಂಕಣಕ್ಕೆ ವಾರ ಕಾಯುವ ವಿಷಯ ಅದಾಗಿರಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರೂರಿನ ಸೊಸೈಟಿ, ಶಾಲೆ, ಆಸ್ಪತ್ರೆಗಳಲ್ಲಿ ನಿಮ್ಮ ಹಾಗೆ ಒಬ್ಬರೇ ಕೂತು ಎಲ್ಲವನ್ನೂ ಕಾಯುವವರು ಬಹಳ ಮಂದಿ ಇದ್ದಾರೆ. ಅವರೂ ಇದನ್ನು ಓದಲಿ.

ಯಂತ್ರದ ವಿಚಾರಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿ ಡಿಸ್ಕಿನ ಬಗ್ಗೆ ಇರುವುದಕ್ಕಿಂತ ಹೆಚ್ಚು ನೋವು ಕೌಂಟರಿನ ಆ ಒಂದು ಮಾತಿನಲ್ಲಿದೆ. ಗೊಬ್ಬರಕ್ಕೆ, ಮೈಲುತುತ್ತಕ್ಕೆ ಬಂದು ನಿಂತವರಲ್ಲಿ ನಿಮ್ಮನ್ನು ಚಿಕ್ಕಂದಿನಿಂದ ಕಂಡವರಿರುತ್ತಾರೆ. ನಿಮ್ಮ ತಂದೆಯ ಜೊತೆ ಸೋಮವಾರದ ಸಂತೆಗೆ ಬಂದವರಿರುತ್ತಾರೆ. ಅವರ ಎದುರು ಆ ಮಾತು ಕೇಳಿಸಿಕೊಂಡವರಿಗೆ ಅವಮಾನವಾಗುತ್ತದೆ, ಹೊಟ್ಟೆಯಲ್ಲಿ ಕಲಸುತ್ತದೆ, ರಾತ್ರಿ ಅದೇ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹಾಗಾಗುವುದು ನಿಮ್ಮ ದೌರ್ಬಲ್ಯ ಅಲ್ಲ. ಊರಿನ ದುಡ್ಡಿನ ಲೆಕ್ಕ ತನ್ನ ಕೈಯಲ್ಲಿದೆ ಎಂಬ ಅರಿವು ಇದ್ದವನಿಗೆ ಮಾತ್ರ ಹಾಗಾಗುತ್ತದೆ. ಪಡಿತರ ಅಂಗಡಿಯಲ್ಲೋ ನಾಡಕಚೇರಿಯಲ್ಲೋ ‘ಸರ್ವರ್ ಇಲ್ಲ’ ಅನ್ನಿಸಿಕೊಂಡು ವಾಪಸು ಬಂದ ಅನುಭವ ನಮಗೆಲ್ಲ ಇದೆ. ಆಗ ನಾವು ಸಿಟ್ಟು ತೀರಿಸಿಕೊಳ್ಳುವುದು ಯಾರ ಮೇಲೆ? ಎಲ್ಲೋ ದೂರದಲ್ಲಿರುವ ಯಂತ್ರ ಕಣ್ಣಿಗೆ ಕಾಣುವುದಿಲ್ಲ, ಗಾಜಿನ ಹಿಂದೆ ಕೂತ ಮನುಷ್ಯ ಕಾಣುತ್ತಾನೆ. ಈ ಸಲ ಆ ಜಾಗದಲ್ಲಿ ನೀವಿದ್ದಿರಿ, ಅಷ್ಟೆ. ಕಾರ್ಯದರ್ಶಿಯವರೂ ಹೆದರಿದ್ದರು ಎಂದು ನನಗನ್ನಿಸುತ್ತದೆ. ಆಡಳಿತ ಮಂಡಳಿಗೆ ಉತ್ತರ ಹೇಳಬೇಕಾದವರು ಅವರು. ಹೆದರಿದವರ ಬಾಯಿಂದ ಬಂದ ಮಾತನ್ನು ತೀರ್ಪೆಂದು ತಗೊಳ್ಳಬೇಡಿ. ಮಾತು ಸರಿಯಿತ್ತು ಅಂತಲ್ಲ. ತಪ್ಪೇ. ಅದಕ್ಕೂ ಬರುತ್ತೇನೆ.

ಈಗ ಆ ಖಾಲಿ ಫೋಲ್ಡರ್. ನನಗೆ ಮನುಷ್ಯರ ತಾಪತ್ರಯಗಳಷ್ಟೇ ಗೊತ್ತು, ನಿಮ್ಮ ಸರ್ವರ್ ನಡೆಸುವ ಲಿನಕ್ಸ್ ಗೊತ್ತಿಲ್ಲ. ಆದ್ದರಿಂದ ನಿಮ್ಮ ಪತ್ರದ ಆ ಭಾಗವನ್ನು ಸರ್ವರ್‌ಗಳನ್ನೇ ನೋಡಿಕೊಳ್ಳುವ ಗೆಳತಿಯೊಬ್ಬರಿಗೆ ಓದಿ ಹೇಳಿದೆ. ಅವರು ಮೊದಲು ಹೇಳಿದ್ದು, ‘ಫೋಲ್ಡರ್ ಖಾಲಿ ಅಂದರೆ ಲೆಕ್ಕ ಹೋಯಿತು ಅಂತ ಅಲ್ಲ, ಡಿಸ್ಕು ಬಂದು ಕೂತಿಲ್ಲ ಅಂತ.’ ಲಿನಕ್ಸಿನಲ್ಲಿ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂರಿಸುತ್ತಾರಂತೆ. ಅದೇ ಮೌಂಟ್. ಡಿಸ್ಕು ಕೂತಿದ್ದಾಗ ಅದರೊಳಗಿನ ಕಡತಗಳು ಕಾಣುತ್ತವೆ. ಕೂರದಿದ್ದರೆ ಅಡಿಯಲ್ಲಿರುವ ಖಾಲಿ ಫೋಲ್ಡರ್ ಹಾಗೆಯೇ ಕಾಣುತ್ತದೆ. ನೀವು ಕಂಡದ್ದು ಅದನ್ನು. ಡಿಸ್ಕಿನೊಳಗೆ ಏನಿದೆ, ಏನಿಲ್ಲ ಎಂಬುದನ್ನು ನೀವು ಇನ್ನೂ ನೋಡಿಯೇ ಇಲ್ಲ. ಮೂರು ರಾತ್ರಿ ಅತ್ತದ್ದು ಇನ್ನೂ ಖಚಿತವಾಗದ ಸಾವಿಗೆ.

ನೀವು ಊಟ ತಿಂಡಿ ಬಿಟ್ಟು ದಿಟ್ಟಿಸಿದ ಆ ಒಂದೂವರೆ ನಿಮಿಷಕ್ಕೂ ಅರ್ಥವಿದೆ. ಎಸ್ಟೇಟಿನಲ್ಲಿ ಬೆಳಿಗ್ಗೆ ರೈಟರು ಚೆಕ್‌ರೋಲ್ ಹಿಡಿದು ಹೆಸರು ಕೂಗುವುದನ್ನು ನೋಡಿರುತ್ತೀರಿ. ಎಫ್‌ಎಸ್‌ಟ್ಯಾಬ್ ಎಂಬ ಕಡತ ನಿಮ್ಮ ಸರ್ವರ್‌ನ ಚೆಕ್‌ರೋಲ್. ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಅದರಲ್ಲಿ ಬರೆದಿರುತ್ತದೆ. ಯಂತ್ರ ಏಳುವಾಗ ಅದರಲ್ಲಿರುವ ಹೆಸರು ಕೂಗಿ, ಓಗೊಡದ ಹೆಸರಿಗೆ 90 ಸೆಕೆಂಡು ಕಾಯುತ್ತದೆ. ಬರದಿದ್ದರೆ ಕೆಲಸ ಶುರು ಮಾಡದೆ ಮನುಷ್ಯರನ್ನು ಕರೆಯುತ್ತದೆ. ಎಮರ್ಜೆನ್ಸಿ ಮೋಡ್ ಎಂದರೆ ಆ ಕರೆ. ಹೆಸರು ಕೇಳಿದರೆ ಆಂಬುಲೆನ್ಸಿನ ಸದ್ದು ಕಿವಿಗೆ ಬೀಳುತ್ತದೆ, ಈ ಹೆಸರಿಟ್ಟವರಿಗೆ ನಿದ್ದೆಗೆಟ್ಟವರ ಬಗ್ಗೆ ಕರುಣೆ ಇರಲಿಲ್ಲ! ಆದರೆ ಅದು ನಿಂತದ್ದರಿಂದ ಎಷ್ಟು ಒಳ್ಳೆಯದಾಯಿತು ನೋಡಿ. ಡಿಸ್ಕು ಕೂತಿಲ್ಲದಿದ್ದರೂ ಪರವಾಗಿಲ್ಲವೆಂದು ಸರ್ವರ್ ಎದ್ದುಬಿಟ್ಟಿದ್ದರೆ, ಲೆಕ್ಕದ ತಂತ್ರಾಂಶ ಆ ಖಾಲಿ ಫೋಲ್ಡರಿನಲ್ಲೇ ಹೊಸ ಪುಸ್ತಕ ತೆರೆಯುವ ಸಾಧ್ಯತೆ ಇತ್ತು. ನೀವು ಗಮನಿಸುವ ಹೊತ್ತಿಗೆ ಎರಡು ದಿನದ ರಸೀದಿ ಅದರಲ್ಲಿ ಸೇರಿ, ಯಾವುದು ಹಳೆಯದು ಯಾವುದು ಹೊಸದು ಎಂದು ಬಿಡಿಸಲಾಗದ ಗೋಜಲಾಗುತ್ತಿತ್ತು. ಆ ದೃಷ್ಟಿಯಿಂದ ನಿಂತದ್ದೇ ಒಳಿತು.

ಹಾಗಾದರೆ ತಪ್ಪು ಎಲ್ಲಿ? ಗೆಳತಿಯ ಊಹೆ ಹೀಗಿದೆ. ಮೇ ತಿಂಗಳಲ್ಲಿ ನೀವು ಆ ಕಡತದಲ್ಲಿ ಹೊಸ ಡಿಸ್ಕನ್ನು ಎಸ್‌ಡಿಬಿ1 ಎಂಬಂಥ ಹೆಸರಿನಿಂದ ಬರೆದಿರಬಹುದು. ಅದು ಡಿಸ್ಕಿನ ಸ್ವಂತ ಹೆಸರಲ್ಲ. ಯಂತ್ರ ಏಳುವಾಗ ಯಾವುದು ಮೊದಲು ಕಣ್ಣಿಗೆ ಬಿತ್ತೋ ಆ ಸರದಿಯಲ್ಲಿ ಕೊಡುವ ಗುರುತು. ಒಂದು ಪೆನ್‌ಡ್ರೈವ್ ಸಿಕ್ಕಿಸಿಟ್ಟಿದ್ದರೂ ಸರದಿ ಬದಲಾಗಬಹುದು. ಮೇ ತಿಂಗಳಿಂದ ಯಂತ್ರ ಒಮ್ಮೆಯೂ ಆರಿರದಿದ್ದರೆ ಆ ಸಾಲನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಮೊದಲ ಪರೀಕ್ಷೆ ಮಾಡಿದ್ದು ಮೊನ್ನೆಯ ಮಳೆ. ನಿಮ್ಮ ತಪ್ಪು ಇಷ್ಟೇ ಆಗಿದ್ದರೆ, ಅದು ಒಂದು ಸಾಲಿನ ತಪ್ಪು. ಸರಿಪಡಿಸುವುದೂ ಒಂದು ಸಾಲಿನ ಕೆಲಸ.

ಇಂಥ ಕಡೆ ದೊಡ್ಡವರೂ ಮುಗ್ಗರಿಸಿದ್ದಾರೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಏಳದೆ ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ಯಂತ್ರಗಳಲ್ಲಿದ್ದ ಮಾಹಿತಿ ಅಳಿಸಿಹೋಗಿರಲಿಲ್ಲ, ಏಳುವ ದಾರಿಗೆ ಒಂದು ಕಡತ ಅಡ್ಡ ಬಿದ್ದಿತ್ತು. ಬಹಳಷ್ಟು ಕಡೆ ಮನುಷ್ಯರು ಒಂದೊಂದು ಯಂತ್ರದ ಮುಂದೆಯೂ ಕೂತು ಅದನ್ನು ತೆಗೆದರು.

ನಿಮಗೆ ಇನ್ನೂ ಹತ್ತಿರದ್ದು ಗಿಟ್‌ಲ್ಯಾಬ್ ಕಂಪನಿಯ ಕಥೆ. 2017ರ ಜನವರಿ 31ರ ರಾತ್ರಿ, ಡೇಟಾಬೇಸ್ ತೊಂದರೆಯೊಂದನ್ನು ಬಿಡಿಸುತ್ತಾ ದಣಿದಿದ್ದ ಒಬ್ಬ ಎಂಜಿನಿಯರ್ ಒಂದು ಸರ್ವರ್ ಎಂದುಕೊಂಡು ಇನ್ನೊಂದರಲ್ಲಿ ಅಳಿಸುವ ಆದೇಶ ಕೊಟ್ಟರು. ಗೊತ್ತಾಗಿ ಒಂದೆರಡು ಸೆಕೆಂಡಿನಲ್ಲೇ ತಡೆದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ, ದಿನವೂ ಆಗುತ್ತಿದೆ ಎಂದುಕೊಂಡಿದ್ದ ನಕಲು ಸದ್ದಿಲ್ಲದೆ ಕೈಕೊಟ್ಟಿತ್ತು. ಕೊನೆಗೆ ಕಾಪಾಡಿದ್ದು ಸುಮಾರು ಆರು ಗಂಟೆ ಮುಂಚೆ ಬೇರೊಂದು ಪ್ರಯೋಗಕ್ಕೆಂದು ಕೈಯಾರೆ ತೆಗೆದಿಟ್ಟ ಒಂದು ನಕಲು. ತೆಗೆದಿಟ್ಟವರು ಯಾರು? ಅದೇ ಎಂಜಿನಿಯರ್. ಕಂಪನಿ ನಡೆದದ್ದನ್ನೆಲ್ಲ ಬಹಿರಂಗವಾಗಿ ಬರೆಯಿತು. ಆ ವರದಿಯಲ್ಲಿ ಅವರ ಹೆಸರಿಲ್ಲ, ‘ತಂಡದ ಸದಸ್ಯ-1’ ಎಂದಷ್ಟೇ ಇದೆ. ಬ್ಯಾಕಪ್ ಕೈಕೊಟ್ಟದ್ದು ಯಾರಿಗೂ ಏಕೆ ತಿಳಿಯಲಿಲ್ಲ ಎಂದು ಕೇಳಿಕೊಂಡರು, ಅದಕ್ಕೇ ಮದ್ದು ಮಾಡಿದರು. ದಣಿದ ರಾತ್ರಿಯಲ್ಲಿ ಒತ್ತಿದ ಒಂದು ಗುಂಡಿ ಎಷ್ಟು ದುಬಾರಿ ಎಂಬುದಕ್ಕೂ ಈ ಕಥೆ ಸಾಕು. ನೀವು ‘ವೈ’ ಒತ್ತುವ ಮೊದಲು ನನಗೆ ಬರೆದಿರಿ. ಮೂರು ರಾತ್ರಿ ನಿದ್ದೆಯಿಲ್ಲದವರಿಗೆ ಅಷ್ಟು ತಾಳ್ಮೆ ಸುಲಭವಲ್ಲ, ಅದಕ್ಕಾಗಿ ನಿಮ್ಮನ್ನು ಮೆಚ್ಚಬೇಕು.

ಇನ್ನು ಕೆಲಸದ ಮಾತು. ಹಗಲಲ್ಲಿ, ಕರೆಂಟು ನೆಚ್ಚಬಹುದಾದ ಹೊತ್ತಿನಲ್ಲಿ ಕೂರಿ. ಒಬ್ಬರೇ ಬೇಡ. ಕಂಪ್ಯೂಟರ್ ಗೊತ್ತಿಲ್ಲದವರಾದರೂ ಸರಿ, ಪಕ್ಕದಲ್ಲಿ ಯಾರಾದರೂ ಕೂತು ನೀವು ಟೈಪ್ ಮಾಡಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ಎಂಟರ್ ಒತ್ತುವ ಮೊದಲು ಅವರಿಗೆ ಗಟ್ಟಿಯಾಗಿ ಓದಿ ಹೇಳಿ. ಇದು ಸರ್ವರ್‌ಗಲ್ಲ, ನಿಮ್ಮ ಕೈ ನಡುಕಕ್ಕೆ. ಪರದೆ ಪಾಸ್‌ವರ್ಡ್ ಕೇಳಿದಾಗ ಕೊಟ್ಟು ಒಳಗೆ ಹೋಗಿ, ಜರ್ನಲ್‌ಸಿಟಿಎಲ್‌ನಲ್ಲಿ ಯಾವ ಮೌಂಟ್ ಸೋತಿದೆ ಎಂದು ಓದಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಆಮೇಲೆ ಎಲ್‌ಎಸ್‌ಬಿಎಲ್‌ಕೆ ಆದೇಶದಿಂದ ಯಂತ್ರಕ್ಕೆ ಯಾವ ಯಾವ ಡಿಸ್ಕು ಕಾಣುತ್ತಿದೆ ನೋಡಿ. ಇವೆರಡೂ ಬರೀ ನೋಡುವ ಆದೇಶಗಳು, ಯಾವುದನ್ನೂ ಬದಲಿಸುವುದಿಲ್ಲ.

ಹೊಸ ಡಿಸ್ಕು ಅಲ್ಲಿ ಬೇರೆ ಹೆಸರಿನಿಂದ ಕಂಡರೆ ಮುಕ್ಕಾಲು ಭಯ ಕಳೆಯಿತು. ಎಫ್‌ಎಸ್‌ಟ್ಯಾಬ್‌ನ ಒಂದು ನಕಲು ಇಟ್ಟುಕೊಂಡು, ನೀವು ಬರೆದ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ. ಆಗ ಯಂತ್ರ ಆ ಹೆಸರನ್ನು ಕೂಗುವುದಿಲ್ಲ. ಕಡತ ಉಳಿಸಲು ಬಿಡುತ್ತಿಲ್ಲವಾದರೆ ಗಾಬರಿ ಬೇಡ, ಮೂಲ ಡಿಸ್ಕು ಓದಲು ಮಾತ್ರ ಎಂಬ ಸ್ಥಿತಿಯಲ್ಲಿರುತ್ತದೆ, ಬರೆಯಲೂ ಬರುವಂತೆ ರೀಮೌಂಟ್ ಮಾಡಬೇಕು ಅಷ್ಟೆ. ಸರ್ವರ್ ಎದ್ದ ಮೇಲೆ, ಯಾರಿಗೂ ಲೆಕ್ಕದ ತಂತ್ರಾಂಶ ತೆರೆಯಲು ಬಿಡದೆ, ಹೊಸ ಡಿಸ್ಕನ್ನು ಓದಲು ಮಾತ್ರ ಎಂದು ಕೈಯಿಂದ ಕೂರಿಸಿ ನೋಡಿ. ಲೆಕ್ಕ ಕಂಡರೆ ಮೊದಲು ಮಾಡಬೇಕಾದ್ದು ಸಂಭ್ರಮವಲ್ಲ, ನಕಲು. ಬೇರೊಂದು ಡಿಸ್ಕಿಗೆ ಪೂರ್ತಿ ನಕಲಾದ ಮೇಲೆ ಆ ಸಾಲನ್ನು ಯುಯುಐಡಿ ಬಳಸಿ ಹೊಸದಾಗಿ ಬರೆಯಿರಿ. ಅದು ಸರದಿಯ ಮೇಲೆ ನಿಂತ ಗುರುತಲ್ಲ, ಫಾರ್ಮ್ಯಾಟ್ ಮಾಡುವವರೆಗೂ ಬದಲಾಗದು. ಬರೆದ ಮೇಲೆ ಫೈಂಡ್‌ಎಂಎನ್‌ಟಿ ಆದೇಶದ ವೆರಿಫೈ ಆಯ್ಕೆಯಿಂದ ಕಡತ ತಪಾಸಣೆ ಮಾಡಿ, ಆಮೇಲೆ ನೀವೇ ರೀಸ್ಟಾರ್ಟ್ ಮಾಡಿ. ಆ ಪರೀಕ್ಷೆಯನ್ನು ಮತ್ತೆ ಮಳೆಗೆ ಬಿಡಬೇಡಿ.

ಡಿಸ್ಕು ಕಂಡೂ ಕೂರದಿದ್ದರೆ, ಕರೆಂಟು ಹೋದ ಗಳಿಗೆಯಲ್ಲಿ ಅದರ ಒಳಗಿನ ವ್ಯವಸ್ಥೆ ಅರ್ಧಕ್ಕೇ ನಿಂತಿರಬಹುದು. ಆಗ ನಿಮ್ಮ ಗೆಳೆಯ ಹೇಳಿದ ಎಫ್‌ಎಸ್‌ಸಿಕೆ ಬೇಕಾಗಬಹುದು, ಆದರೆ ಮೂಲದ ಮೇಲಲ್ಲ. ಆ ತಂತ್ರಾಂಶಕ್ಕೆ ಫೈಲ್ ಸಿಸ್ಟಮ್ ಸರಿಹೊಂದುವುದು ಮುಖ್ಯ, ನಿಮ್ಮ ಸದಸ್ಯರ ಲೆಕ್ಕವಲ್ಲ. ಗುರುತು ಸಿಗದ ತುಣುಕುಗಳನ್ನು ಲಾಸ್ಟ್ ಅಂಡ್ ಫೌಂಡ್ ಎಂಬ ಮೂಲೆಗೆ ಹೆಸರಿಲ್ಲದೆ ಎಸೆದುಬಿಡುತ್ತದೆ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶದಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆದು, ದುರಸ್ತಿಯನ್ನು ಆ ಪಡಿಯಚ್ಚಿನ ಮೇಲೆ ಮಾಡಬೇಕು. ಅದನ್ನು ಬಲ್ಲವರು ಮಾಡಲಿ, ಕಲಿತುಕೊಂಡು ಮಾಡುವ ಸಂದರ್ಭ ಇದಲ್ಲ.

ಡಿಸ್ಕು ಕಾಣದೇ ಇದ್ದರೆ ಯಂತ್ರ ಆರಿಸಿ ಕೇಬಲ್ ಒಮ್ಮೆ ತೆಗೆದು ಹಾಕಿ. ಕಟಕಟ ಸದ್ದು ಬಂದರೆ, ಪರದೆಯಲ್ಲಿ ಇನ್‌ಪುಟ್ ಔಟ್‌ಪುಟ್ ಎರರ್ ಎಂದು ಬಂದರೆ, ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಸಲ ಹಾಕಿ ನೋಡುವ ಆಸೆ ಬೇಡ, ಪ್ರತಿ ಪ್ರಯತ್ನವೂ ಉಳಿದದ್ದನ್ನು ಕಡಿಮೆ ಮಾಡಬಹುದು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಡೇಟಾ ರಿಕವರಿ ಮಾಡುವವರ ಬಳಿಗೆ ಅದು ಹೋಗಬೇಕು, ಖರ್ಚು ಸಂಘದ್ದು. ಆಗಲೂ ಎಲ್ಲ ಮುಗಿಯಿತು ಅಂತಲ್ಲ. ಮಾರ್ಚ್ 31ರವರೆಗಿನದು ಪೆನ್‌ಡ್ರೈವಿನಲ್ಲಿದೆ. ಅಲ್ಲಿಂದ ಈಚೆಗೆ ಸದಸ್ಯರಿಗೆ ಕೊಟ್ಟ ರಸೀದಿಯ ಪ್ರತಿಗಳು, ವೋಚರುಗಳು, ಬ್ಯಾಂಕಿನ ಲೆಕ್ಕಪಟ್ಟಿ ಕಾಗದದಲ್ಲಿರುತ್ತವೆ. ಕೂತು ಮತ್ತೆ ನಮೂದಿಸಬೇಕಾದೀತು. ಬೇಸರದ ಕೆಲಸ. ಆದರೆ ಸಂಘ ಮುಳುಗುವ ಕೆಲಸವಲ್ಲ.

ಕಾರ್ಯದರ್ಶಿಯವರ ಹತ್ತಿರ ಹೋಗುವುದು ಇದೆಲ್ಲಕ್ಕಿಂತ ಕಷ್ಟ ಎಂದು ನನಗೆ ಗೊತ್ತು. ಕೌಂಟರಿನಲ್ಲಿ ಬೇಡ, ಅವರ ಕೋಣೆಯಲ್ಲಿ ಮಾತಾಡಿ. ಉದ್ದದ ವಿವರಣೆ ಬೇಡ. ‘ಸರ್ವರ್ ನಿಂತಿದೆ. ಲೆಕ್ಕ ಹೋಗಿದೆ ಎಂದು ಈಗಲೇ ಹೇಳಲಾಗದು. ಮೇ ತಿಂಗಳಲ್ಲಿ ನಾನು ಹಾಕಿದ ಡಿಸ್ಕಿನ ಕಡೆ ತೊಂದರೆ ಇರುವಂತಿದೆ. ಅದು ಸರಿಯಾಗುವವರೆಗೆ ಕೈಯಲ್ಲಿ ರಸೀದಿ ಬರೆಯೋಣ. ನಾಳೆ ಸಂಜೆ ಎಲ್ಲಿಗೆ ಬಂತೆಂದು ಹೇಳುತ್ತೇನೆ.’ ಇಷ್ಟು ಸಾಕು. ನಾಳೆ ಸಂಜೆ ಹೇಳಲು ಏನೂ ಇಲ್ಲದಿದ್ದರೂ ಹೋಗಿ, ಏನೂ ಆಗಿಲ್ಲ ಎಂದೇ ಹೇಳಿ. ಸುದ್ದಿ ಕೆಟ್ಟದ್ದಾದರೂ ಜನ ಸಹಿಸುತ್ತಾರೆ, ಸುದ್ದಿಯೇ ಇಲ್ಲದಾಗ ಕೂಗಾಡುತ್ತಾರೆ. ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಆ ಮಾತನ್ನೂ ಎತ್ತಿ. ‘ಅಷ್ಟು ಜನರ ಮುಂದೆ ಅಂದದ್ದು ನನಗೆ ಬಹಳ ನೋವಾಯಿತು’ ಎನ್ನುವುದು ಎದುರುತ್ತರವಲ್ಲ. ಅವರು ಒಳ್ಳೆಯವರೆಂದೇ ನಂಬಿ ಹೇಳಿ.

ಇದನ್ನು ಓದುವ ಕಾರ್ಯದರ್ಶಿಗಳಿಗೆ, ಮುಖ್ಯೋಪಾಧ್ಯಾಯರಿಗೆ, ಅಧ್ಯಕ್ಷರಿಗೆ ಒಂದು ಮಾತು. ನಿಮ್ಮ ಕಚೇರಿಯ ಅಷ್ಟೂ ಲೆಕ್ಕ ಒಂದೇ ಡಿಸ್ಕಿನಲ್ಲಿದ್ದು, ಅದರ ಪಾಸ್‌ವರ್ಡ್ ಒಬ್ಬನೇ ಹುಡುಗನ ತಲೆಯಲ್ಲಿದ್ದರೆ, ತಪ್ಪು ಹುಡುಗನದಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಕೊಡಗಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಯುಪಿಎಸ್‌ಗೆ ತಾಳುವ ಬ್ಯಾಟರಿ, ಚಾರ್ಜು ಮುಗಿಯುವ ಮೊದಲೇ ಸರ್ವರ್ ತಾನಾಗಿ ಆರುವ ಏರ್ಪಾಡು, ಬೇರೆ ಕಟ್ಟಡದಲ್ಲಿಟ್ಟ ಒಂದು ನಕಲು, ಬೀರುವಿನಲ್ಲಿ ಮುಚ್ಚಿದ ಲಕೋಟೆಯೊಳಗೆ ಪಾಸ್‌ವರ್ಡ್, ಕೆಲಸ ಬಲ್ಲ ಎರಡನೆಯ ಮನುಷ್ಯ. ಇವಕ್ಕೆ ಹಣ ಮಂಜೂರು ಮಾಡುವುದು ನಿಮ್ಮ ಕೆಲಸ. ಪತ್ರ ಬರೆದ ನೀವು ಈ ಪಟ್ಟಿಯನ್ನು ಮಂಡಳಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ಬ್ಯಾಕಪ್‌ಗೆಂದು ಇನ್ನೊಂದು ಡಿಸ್ಕು ಬಂದಾಗ ಅದರ ಸಾಲಿಗೆ ‘ನೋಫೇಲ್’ ಎಂದು ಸೇರಿಸಿದರೆ ಅದು ಇಲ್ಲದಿದ್ದರೂ ಸರ್ವರ್ ಏಳುತ್ತದೆ ಎಂದು ಗೆಳತಿ ಹೇಳಿದರು. ಆದರೆ ಡಿಸ್ಕು ಕೂತಿದೆಯೇ ಎಂದು ನೋಡಿಕೊಂಡೇ ಬ್ಯಾಕಪ್ ಶುರುವಾಗಬೇಕು, ಇಲ್ಲವಾದರೆ ನಕಲೆಲ್ಲ ಖಾಲಿ ಫೋಲ್ಡರಿಗೆ ಬಿದ್ದು ಮೂಲ ಡಿಸ್ಕೇ ತುಂಬಿ ಕೂರುತ್ತದೆ. ಲೆಕ್ಕದ ಡಿಸ್ಕಿಗೆ ಮಾತ್ರ ಆ ರಿಯಾಯಿತಿ ಬೇಡವೆಂದು ಅವರ ಅಭಿಪ್ರಾಯ.

ಮಳೆ ಜೋರಾದರೆ ಎದ್ದು ಕೂರುತ್ತೇನೆ ಎಂದು ಬರೆದಿದ್ದೀರಿ. ಪತ್ರವನ್ನು ಎರಡನೇ ಸಲ ಓದುವಾಗ ನಾನು ಅಲ್ಲೇ ನಿಂತೆ. ಈ ಎಚ್ಚರ ಸರ್ವರ್ ನಿಂತ ಮೇಲೆ ಶುರುವಾದದ್ದೇ, ಅಥವಾ ಅದಕ್ಕೂ ಹಳೆಯದೇ? 2018ರ ಆಗಸ್ಟಿನಲ್ಲಿ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರಿನ ಕಡೆ ಗುಡ್ಡ ಜಾರಿದ್ದನ್ನು ಕಂಡವರಲ್ಲಿ, ಆ ರಾತ್ರಿಗಳಲ್ಲಿ ಮನೆ ಬಿಟ್ಟವರಲ್ಲಿ, ಇಂದಿಗೂ ಮಳೆಯ ಸದ್ದಿಗೆ ಮೈ ಬಿಗಿಯುವವರಿದ್ದಾರೆ. ಅದು ಹುಚ್ಚಲ್ಲ, ನೆನಪು ದೇಹದಲ್ಲಿ ಉಳಿದುಕೊಳ್ಳುವ ಬಗೆ. ನಿಮ್ಮದೂ ಹಾಗಿದ್ದರೆ, ಸರ್ವರ್ ಸರಿಯಾದ ಮೇಲೂ ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ, 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ಹಣ ಬೇಡ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಎದುರು ಕೂತು ಮಾತಾಡಬೇಕೆನಿಸಿದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಬದುಕೇ ಬೇಡ ಎಂಬಂಥ ಯೋಚನೆ ಒಂದು ಸಲ ಸುಳಿದರೂ ಸರಿ, ಅದೇ ರಾತ್ರಿ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಬೆಂಗಳೂರಿನ ವಿಚಾರ ಕೇಳಿದ್ದೀರಿ. ಹೋಗುವುದರಲ್ಲಿ ತಪ್ಪೇನಿಲ್ಲ. ನಾಲ್ಕು ಜನ ಬಲ್ಲವರ ನಡುವೆ ಕೆಲಸ ಮಾಡಬೇಕೆಂಬ ಆಸೆ ಮೊದಲೇ ಇದ್ದರೆ ಅದು ಒಳ್ಳೆಯ ಕಾರಣ. ಆ ಕೌಂಟರಿನ ಮುಂದೆ ಮತ್ತೆ ನಿಲ್ಲಲಾರೆ ಎಂಬುದಷ್ಟೇ ಕಾರಣವಾದರೆ, ಸ್ವಲ್ಪ ತಡೆಯಿರಿ. ಸರ್ವರ್ ಎದ್ದು, ನಿಮ್ಮ ಪಟ್ಟಿ ಮಂಡಳಿಯ ಮುಂದೆ ಬಂದು, ಅವರು ಏನನ್ನುತ್ತಾರೆ ಎಂದು ಕೇಳಿದ ಮೇಲೆ ತೀರ್ಮಾನಿಸಿ. ಬ್ಯಾಟರಿಗೂ ಎರಡನೇ ಡಿಸ್ಕಿಗೂ ದುಡ್ಡಿಲ್ಲ, ಬೈಗುಳಕ್ಕೆ ಮಾತ್ರ ನೀನಿದ್ದೀಯ ಎಂಬ ಧಾಟಿಯ ಉತ್ತರ ಬಂದರೆ ರಾಜೀನಾಮೆ ಬರೆಯಲು ನಾನೇ ಸಹಾಯ ಮಾಡುತ್ತೇನೆ.